ಪ್ರಶ್ನೆಯೂ ಉತ್ತರವೂ ಒಂದೇ ಮೆಷೀನಿನಲ್ಲಿ

ನಮ್ಮ ಶಾಸಕರ ಬಲಗೈ ಹೆಬ್ಬೆರಳಿಗೆ ಅರ್ಧ ಉಗುರು ಇರಲಿಲ್ಲ. ಚಿಕ್ಕವರಿದ್ದಾಗ ಕಾಯಿ ಸುಲಿಯುವ ಕಬ್ಬಿಣಕ್ಕೆ ಸಿಕ್ಕಿ ಹೋಗಿತ್ತಂತೆ. ಆ ಮೊಂಡು ಬೆರಳನ್ನೇ ನಾನು ಟೈಪ್ ಮಾಡಿಕೊಟ್ಟ ಹಾಳೆಯ ಮೇಲೆ ಒತ್ತಿ, ಸಾಲಿನಿಂದ ಸಾಲಿಗೆ ಜಾರಿಸುತ್ತಾ ಗಟ್ಟಿಯಾಗಿ ಓದುತ್ತಿದ್ದರು. ಬೆರಳು ನಿಂತರೆ ಅಲ್ಲಿ ತಪ್ಪಿದೆ ಎಂದೇ ಅರ್ಥ. ಉಳಿದ ಶಾಸಕರ ಜೇಬಿನಲ್ಲಿ ಚಿನ್ನದ ಬಣ್ಣದ ಪೆನ್ನು ಹೊಳೆಯುತ್ತಿದ್ದರೆ, ಇವರ ಜೇಬಿನಿಂದ ಒಂದು ಸ್ಟೀಲ್ ಸ್ಕೇಲ್ ಇಣುಕುತ್ತಿತ್ತು. ಮಳೆ ಅಳೆಯೋಕೆ.

ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಟೈಪಿಂಗ್ ಅಂಗಡಿ. ಬೀಗ ರಿಪೇರಿ ಮಾಡುತ್ತಿದ್ದ ನಮ್ಮ ಅಬ್ಬಾ ತಮ್ಮ ಅಂಗಡಿಯಲ್ಲೇ ಅರ್ಧ ಜಾಗ ಬಿಟ್ಟುಕೊಟ್ಟು, ತುಮಕೂರಿನಿಂದ ಹಳೆಯ ಕನ್ನಡ ಟೈಪ್‌ರೈಟರ್ ಒಂದನ್ನು ತಂದು ಕೂರಿಸಿದ್ದರು. ಹೆಣ್ಣುಮಗಳು ಬೀದಿ ಬದಿಯಲ್ಲಿ ಕೂತು ಕಟಕಟ ಮಾಡುವುದೇ ಎಂದು ಮೂಗು ಮುರಿದವರು ಬೇಕಾದಷ್ಟು ಜನ. ಇವರು ಮೊದಲ ದಿನವೇ ಒಳಗೆ ಬಂದು, ಅಬ್ಬಾಗೆ ನಮಸ್ಕಾರ ಹೇಳಿ, "ಟೈಪಮ್ಮ, ಒಂದು ಪ್ರಶ್ನೆ ಹೊಡ್ಕೊಡವ್ವ" ಎಂದು ಸ್ಟೂಲಿನ ಮೇಲೆ ಕೂತರು. ಅವತ್ತಿನಿಂದ ನನ್ನ ಹೆಸರು ಟೈಪಮ್ಮ.

ವಿಧಾನಸೌಧದಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಯಾಕೆ ಟೈಪ್ ಮಾಡಿಸುತ್ತೀರಿ ಎಂದು ಒಮ್ಮೆ ಕೇಳಿದ್ದೆ. "ಅಲ್ಲಿ ಕೊಟ್ರೆ ನಾನು ಕೇಳೋಕ್ಮುಂಚೆ ಮಂತ್ರಿ ಕಿವಿಗೆ ಹೋಗಿರ್ತದೆ ಕಣಮ್ಮ. ಇಲ್ಲಾದ್ರೆ ನೀನು, ನಾನು, ನಿಮ್ಮ ಅಬ್ಬಾನ ಬೀಗ" ಎಂದು ನಕ್ಕಿದ್ದರು.

ಒಂದೇ ಒಂದು ಸಲ ಗೆದ್ದವರು. "ಐದು ವರ್ಷ ಏನು ಕಡಿದು ಕಟ್ಟೆ ಹಾಕಿದರು?" ಎಂದು ಈಗಲೂ ಕೆಲವರು ಕೇಳುತ್ತಾರೆ. ಕೇಳುವವರ ಬಾಯಿಗೆ ಮಣ್ಣು ಬೀಳಲಿ! ತೆಂಗಿಗೆ ನುಸಿ ಬಿದ್ದು ಕಾಯೆಲ್ಲ ಮುರುಟಿಕೊಂಡಾಗ ಸದನದಲ್ಲಿ ಆ ಮುರುಟಿದ ಕಾಯನ್ನೇ ಮೇಜಿನ ಮೇಲಿಟ್ಟವರು ಯಾರು? ಹೊರದೇಶದ ಎಣ್ಣೆ ಹಡಗಿನಲ್ಲಿ ಇಳಿಯುತ್ತಿದ್ದರೆ ನಮ್ಮ ಕೊಬ್ಬರಿಯನ್ನು ಕೇಳುವವರು ಯಾರು ಎಂದು ಪುಟಗಟ್ಟಲೆ ಬರೆದವರು ಯಾರು? ಎಲ್ಲವನ್ನೂ ಟೈಪ್ ಮಾಡಿದ ಈ ಬೆರಳುಗಳಿಗೆ ಗೊತ್ತಿದೆ.

ಮಳೆಯದಂತೂ ಅವರಿಗೆ ಹುಚ್ಚು. ಹೋದ ಹಳ್ಳಿಯಲ್ಲೆಲ್ಲ ಶಾಲೆಯ ಮೇಷ್ಟರಿಗೋ, ಗುಡಿಯ ಪೂಜಾರಿಗೋ, ಮಸೀದಿಯ ಮುಅಝ್ಝಿನ್‌ಗೋ ಒಂದು ತಗಡಿನ ಡಬ್ಬ ಕೊಟ್ಟು, ಬಿದ್ದ ಮಳೆಯನ್ನು ಅಳೆದು ಬರೆದಿಡಿ ಎನ್ನುತ್ತಿದ್ದರು. "ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ ಅಂತ ನಮ್ಮಜ್ಜಿ ಹೇಳೋಳು. ಈಗ ಭರಣಿನೂ ಇಲ್ಲ, ಕೃತ್ತಿಕೆನೂ ಇಲ್ಲ. ರಾಗಿ ಕುಯ್ಯೋ ಟೈಮಲ್ಲಿ ಸುರೀತದೆ. ಹವಾಮಾನ ಬದಲಾಗೈತೆ ಕಣಮ್ಮ, ಸರ್ಕಾರದ ಕ್ಯಾಲೆಂಡ್ರು ಬದಲಾಗಿಲ್ಲ." ಪ್ರತಿ ಪಂಚಾಯಿತಿಗೂ ಒಂದು ಮಳೆ ಮಾಪಕ ಕೊಡಿ, ಬಿದ್ದ ಮಳೆಯನ್ನು ನೋಡಿ ಬಿತ್ತನೆ ಬೀಜ ಕಳಿಸಿ ಎಂದು ಅವರು ಕೇಳಿದಾಗ ಸದನ ನಕ್ಕಿತಂತೆ. ಡಬ್ಬಾ ಎಂಎಲ್‌ಎ ಎಂದು ಹೆಸರಿಟ್ಟರು. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ನನಗೆ ಮಾತ್ರ ಈಗಲೂ ಮೈ ಉರಿಯುತ್ತದೆ.

ಈಗ ಕೆರೆಯ ವಿಷಯಕ್ಕೆ ಬರುತ್ತೇನೆ. ಚೇಳೂರಿನ ದಾರಿಯಲ್ಲಿ ಒಂದು ಕೆರೆ. ಅದರ ಅಂಗಳದಲ್ಲಿ ಒಬ್ಬ ಸಾಹುಕಾರ ಮಣ್ಣು ತುಂಬಿಸಿ, ಬೇಲಿ ಹಾಕಿ, ಅಡಿಕೆ ಸಸಿ ನೆಟ್ಟಿದ್ದ. ಎಲೆಕ್ಷನ್ ಬಂದರೆ ಎಲ್ಲ ಪಾರ್ಟಿಯವರೂ ಅವನ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಕೆರೆ ಕೆಳಗಿನ ಮೂರು ಹಳ್ಳಿಯ ಬಾವಿಗಳು ಆ ಕೆರೆಯನ್ನೇ ನಂಬಿದ್ದವು. "ಸದರಿ ಕೆರೆಯಲ್ಲಿ ಒತ್ತುವರಿ ಆಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಎಷ್ಟು? ಯಾರಿಂದ?" ಈ ಮೂರು ಸಾಲಿನ ಪ್ರಶ್ನೆಯನ್ನು ನಾನೇ ಟೈಪ್ ಮಾಡಿದೆ. ಅವರ ಬೆರಳು ಎಲ್ಲೂ ನಿಲ್ಲಲಿಲ್ಲ.

ಮೂರು ವಾರ ಕಳೆದಿರಬೇಕು. ಒಂದು ಕಚೇರಿಯ ಗುಮಾಸ್ತರು ಬಂದರು. ಯಾವ ಕಚೇರಿ ಎಂದು ಹೇಳುವುದಿಲ್ಲ. ಅವರ ಟೈಪಿಸ್ಟ್ ರಜೆ ಹಾಕಿದಾಗಲೆಲ್ಲ ಆ ಕೆಲಸವೂ ನನ್ನ ಹತ್ತಿರವೇ ಬರುತ್ತಿತ್ತು. "ಅಸೆಂಬ್ಲಿ ಪ್ರಶ್ನೆಗೆ ಉತ್ರ ಹೋಗ್ಬೇಕು. ಅರ್ಜೆಂಟು, ಬೇಗ ಹೊಡಿಯಮ್ಮ" ಎಂದು ಕೈಬರಹದ ಹಾಳೆ ಕೊಟ್ಟು ಟೀ ಕುಡಿಯಲು ಹೋದರು. ನೋಡಿದರೆ ಅದೇ ಕೆರೆ! ನಾನು ಟೈಪ್ ಮಾಡಿದ ಪ್ರಶ್ನೆ ಬೆಂಗಳೂರಿಗೆ ಹೋಗಿ, ತುಮಕೂರಿಗೆ ಇಳಿದು, ಗುಬ್ಬಿಗೆ ಬಂದು ಉತ್ತರಕ್ಕಾಗಿ ನನ್ನ ಮುಂದೆಯೇ ಕೂತಿತ್ತು.

ಆ ಹಾಳೆಯನ್ನು ಬರೆದವರು ಸ್ಥಳಕ್ಕೆ ಹೋಗಿ ಅಳೆದ ಸರ್ವೆಯರ್. "ಏಳು ಎಕರೆ ಒತ್ತುವರಿ ಕಂಡುಬಂದಿದೆ" ಎಂದು ನೀಟಾಗಿ ಬರೆದು, ಸಾಹುಕಾರನ ಹೆಸರನ್ನೂ ಕಾಣಿಸಿದ್ದರು. ಅದರ ಮೇಲೆ ಯಾರೋ ದೊಡ್ಡವರು ಕೆಂಪು ಶಾಯಿಯಲ್ಲಿ ಗೀಟು ಎಳೆದು "ಯಾವುದೇ ಒತ್ತುವರಿ ಕಂಡುಬಂದಿರುವುದಿಲ್ಲ" ಎಂದು ತಿದ್ದಿದ್ದರು. ನಾನು ಏನು ಮಾಡಿದೆ? ಕೆಂಪು ಶಾಯಿಯದನ್ನು ಟೈಪ್ ಮಾಡಿದೆ. ಕೊಟ್ಟದ್ದನ್ನು ಟೈಪ್ ಮಾಡುವುದು ನನ್ನ ಕಸುಬು ಎಂದು ನನಗೆ ನಾನೇ ಹೇಳಿಕೊಂಡೆ. ಗುಮಾಸ್ತರು ಟೈಪಾದ ಪ್ರತಿಯ ಕೆಳಗೆ ಓದದೆ ಸಹಿ ಗೀಚಿ, ಅದನ್ನಷ್ಟೇ ಎತ್ತಿಕೊಂಡು ಓಡಿದರು. ಕೈಬರಹದ ಹಾಳೆ ನನ್ನ ಮೇಜಿನ ಮೇಲೆ ಉಳಿಯಿತು.

ಅಧಿವೇಶನ ಮುಗಿಸಿಕೊಂಡು ಶಾಸಕರು ಅಂಗಡಿಗೆ ಬಂದರು. ಉತ್ತರಕ್ಕೆ ಅನುಬಂಧವಾಗಿ ಹೋದ ನನ್ನ ಹಾಳೆಯನ್ನು ಬೆಂಗಳೂರಿನವರು ಮತ್ತೆ ಟೈಪ್ ಮಾಡುವ ಗೋಜಿಗೆ ಹೋಗದೆ ಹಾಗೆಯೇ ಜೆರಾಕ್ಸ್ ಮಾಡಿ ಹಂಚಿದ್ದರು. ನನ್ನ ಮೆಷೀನಿನಲ್ಲಿ ಒಂದು ಅಕ್ಷರದ ಅಚ್ಚು ಸವೆದು ಯಾವಾಗಲೂ ಅರ್ಧವೇ ಮೂಡುತ್ತಿತ್ತು. ಅವರು ಆ ಹಾಳೆಯನ್ನು ಮೇಜಿನ ಮೇಲೆ ಹರಡಿ, ಆ ಅರ್ಧ ಅಕ್ಷರದ ಮೇಲೆ ಮೊಂಡು ಬೆರಳಿಟ್ಟರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಇದು ನಿನ್ನ ಮಿಷನ್ನೇ ಅಲ್ವೇನಮ್ಮ?"

"ಹೌದು ಸಾರ್."

"ಟೈಪ್ ಮಾಡೋವಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಸಾರ್" ಎಂದು ಅತ್ತುಬಿಟ್ಟೆ. ಕೆಂಪು ಶಾಯಿಯ ಹಾಳೆಯನ್ನು ಡ್ರಾಯರಿನಿಂದ ತೆಗೆದು ಕೊಟ್ಟೆ. "ತಗೊಂಡೋಗಿ ಸಾರ್, ಸದನದಲ್ಲಿ ತೋರಿಸಿ."

ಅವರು ಅದನ್ನು ಪೂರ್ತಿ ಓದಿದರು. ನಾಲ್ಕಾಗಿ ಮಡಿಚಿ ನನ್ನ ಕೈಗೇ ವಾಪಸ್ ಇಟ್ಟರು. "ಇದ್ನ ತೋರ್ಸಿದ್ರೆ ಮಂತ್ರಿಗೆ ಏನೂ ಆಗಲ್ಲ. ಆ ಸರ್ವೆಯರ್ ಮಕ್ಕಳೊಂದಿಗ ಅವ್ನೆ, ಅವ್ನ ಕೆಲಸ ಹೋಗ್ತದೆ. ನಿಮ್ಮ ಅಬ್ಬಾ ನಿನ್ನ ಅಂಗಡಿಗೇ ಬೀಗ ಹಾಕ್ಬೇಕಾಗ್ತದೆ. ಬ್ಯಾಡ. ನಾನೇ ಅಳೀತೀನಿ ಬುಡು. ನಿಜ ಗೊತ್ತಿರೋರು ಇನ್ನೊಬ್ರು ಅವ್ರೆ ಅಂತಾಯ್ತಲ್ಲ, ಅಷ್ಟು ಸಾಕು."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಹೇಳಿದ ಹಾಗೆಯೇ ಊರಿನವರನ್ನು ಕಟ್ಟಿಕೊಂಡು, ಹಗ್ಗ ಹಿಡಿದು, ಮುಳ್ಳು ತುಳಿದು ಕೆರೆ ಅಂಗಳವನ್ನು ತಾವೇ ಅಳೆದರು. ಆ ಅಳತೆಯನ್ನು ಸದನದಲ್ಲಿ ಓದಿದಾಗ ಬಂದ ಉತ್ತರ ಏನು ಗೊತ್ತೇ? ಮಾನ್ಯ ಸದಸ್ಯರ ಹಗ್ಗಕ್ಕೆ ಸರ್ಕಾರಿ ಮುದ್ರೆ ಇಲ್ಲ! ಮತ್ತೆ ನಗು. ಥೂ, ನಾಚಿಕೆಯಾಗಬೇಕು.

ಅದೇ ಕಾಲಕ್ಕೆ ಪಕ್ಕದ ರಾಜ್ಯದ ಜೊತೆ ನದಿ ನೀರಿನ ಗಲಾಟೆ ಏರಿತ್ತು. ಕುಣಿಗಲ್ಲಿನಲ್ಲಿ ದೊಡ್ಡ ಸಭೆ. ಅಮ್ಮನ ತಂಗಿ, ನನ್ನ ಖಾಲಾ ಮನೆ ಅಲ್ಲೇ ಹತ್ತಿರ, ನಾನೂ ಹೋಗಿದ್ದೆ. ಪಕ್ಷ ಯಾವುದಾದರೂ ಭಾಷಣ ಒಂದೇ, ಗಡಿಯಾಚೆಯವರ ಮೇಲೆ ಬೈಗುಳ. ಬೈದಷ್ಟೂ ಚಪ್ಪಾಳೆ. ಇವರ ಸರದಿ ಬಂತು.

"ನಮ್ಮ ಪಾಲಿನ ನೀರಿಗೆ ನಾನೂ ಜಗಳ ಆಡ್ತೀನಿ, ಬಿಡಲ್ಲ" ಎಂದು ಶುರು ಮಾಡಿದರು. "ಆದ್ರೆ ಆ ಕಡೆ ಇರೋನೂ ರೈತನೇ ಕಣ್ರಪ್ಪ. ಮುಂದೆ ಮಳೆ ಹೆಂಗಾಗ್ತದೋ ಯಾರ್ಗೂ ಗೊತ್ತಿಲ್ಲ. ಮಳೆ ಕೈ ಕೊಟ್ಟ ವರ್ಷ ಕಷ್ಟ ಹೆಂಗೆ ಹಂಚ್ಕೊಬೇಕು ಅಂತ ಎರಡು ಕಡೆ ರೈತ್ರೂ ಕೂತು ಮಾತಾಡ್ಲಿ, ಲೀಡ್ರುಗಳು ಎದ್ದು ಆಚೆಗೆ ಹೋಗ್ಲಿ. ಇನ್ನೊಂದು ಮಾತು. ನಮ್ಮ ಕೆರೆ ನುಂಗ್ದೋನು ಗಡಿ ದಾಟಿ ಬಂದಿಲ್ಲ. ಇಲ್ಲೇ ಹಾರ ಹಾಕ್ಸ್ಕೊಂಡು ಕೂತವ್ನೆ."

ಸಾಹುಕಾರ ವೇದಿಕೆಯ ಮೇಲೇ ಇದ್ದ. ಮೊದಲು ಕಲ್ಲು ಬಂತು, ಆಮೇಲೆ ಕುರ್ಚಿ ಬಂತು. ಅವರ ಹಣೆಯ ವಿಭೂತಿಯ ಮೇಲೆ ರಕ್ತ ಇಳಿಯಿತು. ಮಾರನೆಯ ವಾರ ಊರೂರಿಗೆ ಕರಪತ್ರ ಹಂಚಿದರು: ಈತ ಪಕ್ಕದ ರಾಜ್ಯದ ಏಜೆಂಟ್. ಅವರ ಡಬ್ಬದಲ್ಲಿ ಮಳೆ ಅಳೆದವರೇ, ಅವರ ಬೆನ್ನ ಹಿಂದೆ ನಿಂತು ಹಗ್ಗ ಹಿಡಿದವರೇ ಆ ಕರಪತ್ರವನ್ನು ನಂಬಿದರು. ಇವರು ಚುನಾವಣೆಯಲ್ಲಿ ಸೋತರು. ಅಂತಿಂಥ ಸೋಲಲ್ಲ, ಹೀನಾಯವಾಗಿ ಸೋತರು. ಜನರ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ. ಆದರೆ ಯಾವ ಮುಖ ಇಟ್ಟುಕೊಂಡು ಸಿಟ್ಟಾಗಲಿ? ಕೆಂಪು ಶಾಯಿಯ ಹಾಳೆ ನನ್ನ ಟ್ರಂಕಿನಲ್ಲೇ ಇತ್ತು.

ಸೋತ ಮೇಲೂ ಬರುತ್ತಿದ್ದರು. ಅಧಿಕಾರ ಹೋಗಿತ್ತು, ಸ್ಕೇಲ್ ಹೋಗಿರಲಿಲ್ಲ. ಕಡೆಕಡೆಗೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಮಗಳ ಮನೆ ಸೇರಿದರು. ನೋಡಲು ಹೋದಾಗ ಮಂಚ ಬಿಟ್ಟು ಏಳಲು ಆಗುತ್ತಿರಲಿಲ್ಲ. "ಟೈಪಮ್ಮ, ತಾರಸಿ ಮೇಲೆ ಡಬ್ಬ ಐತೆ, ರಾತ್ರಿ ಬಿದ್ದಿದ್ದು ಎಷ್ಟು ನೋಡ್ಕೊಂಡು ಬಾರವ್ವ" ಎಂದರು. ನೋಡಿ ಬಂದು ಹೇಳಿದೆ. ಮೊಂಡು ಬೆರಳಿನಲ್ಲಿ ಪೆನ್ಸಿಲ್ ಹಿಡಿದು ಬರೆದುಕೊಂಡರು. ಕೆರೆಯ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಅದೇ ತಿಂಗಳು ಹೋಗಿಬಿಟ್ಟರು.

ಸತ್ತ ಮೇಲೆ ನೋಡಿ ಪ್ರೀತಿ ಉಕ್ಕಿದ್ದು! ಗುಬ್ಬಿಯಲ್ಲಿ ಸಂತಾಪ ಸಭೆ ಏರ್ಪಾಡಾಯಿತು. ಅಧ್ಯಕ್ಷತೆ, ಅವರನ್ನು ಸೋಲಿಸಿದ ಮುಖಂಡರದು. ವೇದಿಕೆಯ ಹೂವು, ಶಾಮಿಯಾನ ಎಲ್ಲ ಅದೇ ಸಾಹುಕಾರನ ಸೇವೆ. ಅಷ್ಟು ಹೊತ್ತಿಗೆ ನನ್ನ ಅಂಗಡಿಗೆ ಕಂಪ್ಯೂಟರ್ ಬಂದಿತ್ತು. ಹಳೆಯ ಗುಮಾಸ್ತರೂ ಪ್ರಮೋಷನ್ ಪಡೆದು ಸೂಪರಿಂಟೆಂಡೆಂಟ್ ಆಗಿದ್ದರು. ಮುಖಂಡರು ಓದುವ ಸಂತಾಪ ನುಡಿಯನ್ನು ಅವರೇ ಬರೆದು ತಂದರು.

"ಕೃಷಿಗೆ, ಪರಿಸರಕ್ಕೆ, ಅಂತರರಾಜ್ಯ ಸೌಹಾರ್ದಕ್ಕೆ ಮೃತರ ಕೊಡುಗೆ ಅಪಾರ. ಕೆರೆ ಒತ್ತುವರಿ ವಿರುದ್ಧ ಅವರ ಹೋರಾಟ ಸ್ಮರಣೀಯ."

"ಆ ಒತ್ತುವರಿ ತೆರವಾಯ್ತಾ ಸಾರ್?" ಎಂದು ಕೇಳಿದೆ.

"ಯಾವ್ದು?" ಎಂದರು. ನಿಜವಾಗಿಯೂ ಮರೆತಿದ್ದರು. "ಅದೆಲ್ಲ ಯಾಕಮ್ಮ ಈಗ, ಬೇಗ ಹೊಡಿ. ಟೀ ಕುಡ್ಕೊಂಡು ಬತ್ತೀನಿ."

ಅವರು ಟೀಗೆ ಹೋದರು. ನಾನು ಒಳಗೆ ಹೋಗಿ ಟ್ರಂಕ್ ತೆರೆದೆ. ಸರ್ವೆಯರ್ ಆಗಲೇ ರಿಟೈರ್ ಆಗಿ ಊರು ಸೇರಿದ್ದರು, ಇನ್ನು ಯಾರೂ ಅವರ ಕೂದಲು ಕೊಂಕಿಸುವ ಹಾಗಿರಲಿಲ್ಲ. ಅಬ್ಬಾನೂ ತೀರಿಕೊಂಡಿದ್ದರು. ಹೋಗುವುದಿದ್ದರೆ ನನ್ನ ಅಂಗಡಿಯೊಂದು. ಸಂತಾಪ ನುಡಿಯ ಕೊನೆಯಲ್ಲಿ, ಕೆಂಪು ಗೀಟಿನ ಅಡಿಯಲ್ಲಿದ್ದ ಸಾಲುಗಳನ್ನು ಒಂದಕ್ಷರ ಬಿಡದೆ ಸೇರಿಸಿದೆ. ಸೂಪರಿಂಟೆಂಡೆಂಟರು ಬಂದು, ಯಾವತ್ತಿನಂತೆ ಓದದೆ ಎತ್ತಿಕೊಂಡು ಹೋದರು.

ಸಭೆಯಲ್ಲಿ ಹೆಂಗಸರ ಸಾಲಿನ ಕೊನೆಯಲ್ಲಿ ಕೂತಿದ್ದೆ. ಮುಖಂಡರೂ ಮೊದಲೇ ಓದಿಕೊಂಡು ಬರುವ ಪೈಕಿ ಅಲ್ಲ. ಕೊಟ್ಟದ್ದನ್ನು ಗಂಭೀರವಾಗಿ ಓದಿದರು. ಅಪಾರ ಎಂದರು, ಸ್ಮರಣೀಯ ಎಂದರು. ಅದೇ ರಾಗದಲ್ಲಿ ಮುಂದುವರಿಸಿದರು: "ಸದರಿ ಕೆರೆಯ ಅಂಗಳದಲ್ಲಿ ಏಳು ಎಕರೆ ಒತ್ತುವರಿ ಕಂಡುಬಂದಿದೆ. ಒತ್ತುವರಿ ಮಾಡಿರುವವರು..." ಹೆಸರನ್ನೂ ಓದಿಬಿಟ್ಟರು. ಮೈಕಿನಲ್ಲಿ, ಊರಿಗೆಲ್ಲ ಕೇಳುವ ಹಾಗೆ, ಹೆಸರಿನ ಮುಂದೆ ಅಭ್ಯಾಸಬಲದಿಂದ ಶ್ರೀಮಾನ್ ಸೇರಿಸಿ! ಓದಿದ ಮೇಲೆಯೇ ಅವರಿಗೆ ಅರ್ಥವಾದದ್ದು. ಕೆರೆ ಕೆಳಗಿನ ಹಳ್ಳಿಯವರು ಹಿಂದೆ ನಿಂತಿದ್ದರು. ಒಬ್ಬೊಬ್ಬರಾಗಿ ತಲೆ ತಿರುಗಿಸಿ, ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿದ್ದ ಸಾಹುಕಾರನನ್ನು ನೋಡತೊಡಗಿದರು. ಅವನು ಕೊರಳಿನ ಹಾರ ತೆಗೆದು ಪಕ್ಕಕ್ಕಿಟ್ಟ.

ಸೂಪರಿಂಟೆಂಡೆಂಟರು ಕುರ್ಚಿಗಳನ್ನು ತಳ್ಳಿಕೊಂಡು ನನ್ನ ಹತ್ತಿರ ಓಡಿಬಂದರು.

"ಏನಮ್ಮ ಇದು? ಟೈಪ್ ಮಾಡೋವಾಗ ನಿಂಗೆ ಗೊತ್ತಾಗ್ಲಿಲ್ವಾ?"

ನಾನು ಎದ್ದು ನಿಂತೆ.

"ಗೊತ್ತಿತ್ತು ಸಾರ್" ಎಂದೆ.