ನಾನು ಅಳಿಸಿದ ಖಾನೆ

ಸುಜಾತಾ ಟೀಚರ್, ಅಂದು ನಿಮಗೆ ಸುಳ್ಳು ಹೇಳಿದೆ. ಆ ಖಾನೆ ಇತ್ತು. ಅದನ್ನು ಅಳಿಸಿದವನು ನಾನೇ.

ಹಳ್ಳಿಗಳ ನೀರಿನ ಮಾಹಿತಿಯನ್ನು, ಅಂತರ್ಜಾಲದಲ್ಲಿ ಕಂಪ್ಯೂಟರುಗಳು ತಾವೇ ಓದಿ ಅರ್ಥಮಾಡಿಕೊಳ್ಳುವಂತೆ ಜೋಡಿಸುವುದು ಆಗ ಶಹಾಪುರದಲ್ಲಿ ನನ್ನ ಕೆಲಸ. 'ಬಾವಿ' ಎಂದರೇನು, 'ಸಾರ್ವಜನಿಕ' ಎಂದರೇನು — ಒಂದೊಂದನ್ನೂ ಯಂತ್ರಕ್ಕೆ ಬಿಡಿಸಿ ಹೇಳಬೇಕು. ಆ ನಿಯಮಗಳ ಕರಡು ಬರೆದವನು ನಾನು. 'ಯಾರಿಗೆ ಇಲ್ಲಿ ನೀರು ಸೇದಲು ಬಿಡುವುದಿಲ್ಲ' ಎಂಬ ಖಾನೆಯನ್ನೂ ಮೊದಲು ಇಟ್ಟಿದ್ದೆ. ಸುರಪುರದ ಕಡೆಯ ನಮ್ಮೂರಿನ ಸರದಿ ಬಂದಾಗ ಕೈ ನಿಂತಿತು. ಊರವರೆಲ್ಲ ನೀರು ಒಯ್ಯುವ ಬಾವಿ ನಮ್ಮ ಅಪ್ಪನದು. ನಿಮ್ಮ ಕೇರಿಯವರ ಕೊಡ ಅದರೊಳಗೆ ಎಂದೂ ಇಳಿದದ್ದಿಲ್ಲ. ಹಾಗೆಂದು ಬರೆದರೆ, ಯಾವ ಮೂಲೆಯಿಂದ ಯಾರು ಕೇಳಿದರೂ ಯಂತ್ರ ನಮ್ಮ ಮನೆತನದ ಹೆಸರು ಹೇಳುತ್ತಿತ್ತು. ಖಾನೆಯನ್ನೇ ಅಳಿಸಿ, ಬಾವಿ 'ಸಾರ್ವಜನಿಕ' ಎಂದು ಬರೆದೆ.

ಊರ ಶಾಲೆಯ ಪರವಾಗಿ, ಮಾಹಿತಿ ಸರಿಯಿದೆಯೇ ಎಂದು ನೋಡಲು ನೀವು ನನ್ನ ಕಚೇರಿಗೆ ಬಂದಿರಿ.

"ಸರ್, ಆ ಬಾವಿ ಎಲ್ಲಾರದೂ ಅಂತ ಬರದೀರಲ್ರಿ. ನಮ್ಮವರಿಗೆ ಹತ್ರ ಸೈತ ಬಿಡಂಗಿಲ್ಲ. ನಿಮಗ ಗೊತ್ತದಲ್ರಿ?"

"ಅದಕ್ಕ ಖಾನೇನ ಇಲ್ರಿ ಟೀಚರ್," ಎಂದೆ. "ಇಂಥಾದ್ದೆಲ್ಲ ಕಂಪ್ಯೂಟರಿಗೆ ತಿಳಿಯಂಗಿಲ್ಲ."

ನೀವು ನಂಬಿದಿರಿ. ಅಥವಾ — ನಂಬಿದಂತೆ ತಲೆಯಾಡಿಸಿ ಹೊರಟಿರಿ.

ಮುಂದೆ ನಿಮ್ಮ ಕೇರಿ ಕೊಳವೆಬಾವಿ ಕೇಳಿದಾಗ, ಎಲ್ಲಿ ಕೊರೆಯಬೇಕೆಂದು ಲೆಕ್ಕ ಹಾಕುವ ಯಂತ್ರ ನನ್ನ ಮಾಹಿತಿಯನ್ನೇ ಓದಿತು: ಹತ್ತಿರದಲ್ಲೇ ಸಾರ್ವಜನಿಕ ಬಾವಿ ಇದೆ, ಇನ್ನೊಂದು ಬೇಕಿಲ್ಲ. ಕೊಳವೆಬಾವಿ ಬೇರೆ ಊರಿನ ಪಾಲಾಯಿತು. ನಿಮ್ಮ ಅವ್ವ ಎಂದಿನಂತೆ ಕೊಡ ಹೊತ್ತು ಕಾಲುವೆಗೆ ಹೋದರು, ಪಾಚಿಯ ಮೇಲೆ ಜಾರಿ ಸೊಂಟ ಮುರಿದುಕೊಂಡರು. ಮತ್ತೆ ಏಳಲೇ ಇಲ್ಲ.

ಅವರು ತೀರಿಕೊಂಡ ಮೇಲೆ ಮಾತಾಡಿಸಲು ಬಂದೆ. "ನಿಮ್ಮ ಮನ್ಯಾಗಿಂದ ನೀವೊಬ್ಬರಾದ್ರೂ ಬಂದ್ರಲ್ರಿ, ಸರ್," ಎಂದು ಚಹಾ ಕೊಟ್ಟಿರಿ. ಕುಡಿದೆ. ಹೇಳಬೇಕೆಂದು ಬಂದದ್ದು — ಹೇಳದೆ ಎದ್ದು ಹೋದೆ.

ಇಷ್ಟು ವರ್ಷಗಳ ಮೇಲೆ, ಕಳೆದ ವಾರ, ಆ ಖಾನೆಯನ್ನು ಮತ್ತೆ ಸೇರಿಸಿ, ಅದರಲ್ಲಿ ನಮ್ಮ ಬಾವಿಯ ನಿಜವನ್ನು ಬರೆದೆ. "ಹೆತ್ತ ಅಪ್ಪನ ಮಾನ ಹರಾಜ್ ಹಾಕಿದೆಲ್ಲೊ," ಎಂದು ಅಪ್ಪ ಮಾತು ಬಿಟ್ಟಿದ್ದಾರೆ. ಬಿಡಲಿ. ನನ್ನ ಸುಳ್ಳು ಅಷ್ಟರಲ್ಲಿ ಎಲ್ಲೆಲ್ಲೋ ನಕಲಾಗಿ ಹೋಗಿದೆ. ಕೇಳಿದವರಿಗೆಲ್ಲ, ಆ ಬಾವಿ ಎಲ್ಲರದು ಎಂದು ಇಂದಿಗೂ ಉತ್ತರ ಹೋಗುತ್ತಿದೆ. ಒಂದೊಂದನ್ನೇ ಹುಡುಕಿ ತಿದ್ದಿಸುತ್ತಿದ್ದೇನೆ. ಮುಗಿಯುವ ಕೆಲಸವಲ್ಲ.

ಭಾನುವಾರ ನಿಮ್ಮ ಕೇರಿಗೆ ಬರುತ್ತೇನೆ. ಎಲ್ಲರ ಎದುರು ನಿಂತು ಇದನ್ನೇ ಹೇಳುತ್ತೇನೆ. ಕ್ಷಮಿಸಿ ಎಂದು ಮಾತ್ರ ಕೇಳಲಾರೆ.