ಸೊಟ್ಟ ನಾಲ್ಕರ ಕಾವಲುಗಾರ

ಇಂಜಿನ್ ಶೆಡ್ಡಿನಲ್ಲಿ ಅವನನ್ನು ಎಲ್ಲರೂ ಹಲ್ಲುಜ್ಜಪ್ಪ ಎಂದೇ ಕರೆಯುತ್ತಿದ್ದರು. ಹಳೆಯ ಕಾರಿನ ಇಂಜಿನ್ ಬ್ಲಾಕು, ಅಂದರೆ ಸಿಲಿಂಡರುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಎರಕದ ಕಬ್ಬಿಣದ ಆ ಮುದ್ದೆಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುವುದು ಅವನ ಕೆಲಸ. ಡಿಗ್ರಿ ಓದಿ ಕಂಡುಕೊಂಡ ದಾರಿ! ಮನೆಯಲ್ಲಿ ಭಾವನ ಬ್ರಷ್ಷು ಕೊಂಚ ಹಳತಾದರೂ ಸಾಕು, ಮರುದಿನ ಮಾಯ.

"ನಿನ್ ತಮ್ಮನ ಕಾಟಕ್ಕೆ ಬ್ರಷ್ಷನ್ನ ದಿಂಬಿನ ಕೆಳಗಿಟ್ಕೊಂಡು ಮಲಗ್ಬೇಕು ಕಣೇ" ಎಂದು ಭಾವ ಅಕ್ಕನಿಗೆ ದೂರುತ್ತಿದ್ದರು.

ಈ ಬ್ರಷ್ಷಿನ ಹುಚ್ಚು ಸುಮ್ಮನೆ ಹತ್ತಿದ್ದಲ್ಲ. ಸೇರಿದ ಮೊದಲ ತಿಂಗಳು, ತಾನೇ ಮಹಾ ಕೆಲಸಗಾರನೆಂದು ತೋರಿಸಿಕೊಳ್ಳುವ ಉಮೇದಿನಲ್ಲಿ, ಡ್ರಿಲ್ಲಿಗೆ ತಂತಿ ಬ್ರಷ್ಷು ಸಿಕ್ಕಿಸಿ ಒಂದು ಬ್ಲಾಕನ್ನು ಕನ್ನಡಿ ಮಾಡಿಟ್ಟಿದ್ದ. ಕಾರಿನ ಮಾಲೀಕ, ಒಬ್ಬ ಮುದುಕ, ಬಂದು ಫ್ಯಾಕ್ಟರಿಯವರು ನಂಬರು ಒತ್ತಿದ್ದ ಜಾಗದ ಮೇಲೆ ಬಗ್ಗಿ ನೋಡಿದ. ಅಲ್ಲಿ ಕಂಡದ್ದು ಅವನದೇ ಮುಖ.

"ಇದು ನನ್ನ ಕಾರಿಂದೇ ಅನ್ನೋಕೆ ಇನ್ನೇನು ಉಳೀತಪ್ಪಾ?" ಎಂದಷ್ಟೇ ಕೇಳಿದ.

ಬೈದಿದ್ದರೆ ಹಲ್ಲುಜ್ಜಪ್ಪ ಸಂಜೆಯೊಳಗೆ ಮರೆಯುತ್ತಿದ್ದ. ಬೈಸಿಕೊಳ್ಳುವುದರಲ್ಲಿ ಅವನ ಕೈ ಪಳಗಿತ್ತು. ಮುದುಕ ಬೈಯಲಿಲ್ಲ. ಅಂದಿನಿಂದ ಯಾವ ಬ್ಲಾಕು ಬಂದರೂ ಮೊದಲು ನಂಬರು ಹುಡುಕಿ, ಗ್ರೀಸು ಬಳಿದು, ಮೇಲೊಂದು ತಗಡಿನ ತುಂಡು ಕಟ್ಟಿ, ಆಮೇಲೇ ಉಳಿದ ಮೈ ತೊಳೆಯುತ್ತಿದ್ದ.

ಈ ಸಲ ಬಂದದ್ದು ಒಬ್ಬ ಡಾಕ್ಟರ ತಾತನ ಕಾರಿನ ಬ್ಲಾಕು. ಆರು ಅಂಕಿಗಳಲ್ಲಿ ಐದು ನೆಟ್ಟಗಿದ್ದವು. ಕೊನೆಯ ಅಂಕಿ, ಒಂದು ನಾಲ್ಕು, ಮಾತ್ರ ಕುಡಿದವನಂತೆ ವಾಲಿತ್ತು.

"ಪ್ರದರ್ಶನಕ್ಕಿಡೋ ಕಾರು. ಆ ನಾಲ್ಕನ್ನ ಉಜ್ಜಿ ತೆಗೆದು, ನೆಟ್ಟಗೆ ಹೊಡೀರಿ" ಎಂದರು ಡಾಕ್ಟರು.

"ಅದಕ್ಕೇನ್ ಸಾರ್, ಆಯ್ತು" ಎಂದರು ಶೆಡ್ಡಿನ ಯಜಮಾನರು.

"ಆಗಲ್ಲ ಸಾರ್" ಎಂದ ಹಲ್ಲುಜ್ಜಪ್ಪ. ತನ್ನ ದನಿ ಕೇಳಿ ತಾನೇ ಬೆಚ್ಚಿದ.

"ಯಾಕಪ್ಪಾ? ಅದೇ ನಂಬರ್ ತಾನೇ ಮತ್ತೆ ಹೊಡಿಯೋದು?" ಎಂದರು ಡಾಕ್ಟರು.

"ನಿಮ್ಮ ತಾತನ ಸಹಿ ಸೊಟ್ಟಗಿದೆ ಅಂತ ಅಳಿಸಿ, ನೀವು ದುಂಡಗೆ ಬರೀತೀರಾ ಡಾಕ್ಟ್ರೇ? ಇಲ್ನೋಡಿ, ನಂಬರ್ ಸುತ್ತ ಕೂದಲೆಳೆ ಥರ ಗೆರೆ. ಫ್ಯಾಕ್ಟರಿ ಮಷಿನ್ ಬಿಟ್ಟಿದ್ದು. ಉಜ್ಜಿದ್ರೆ ಅದೂ ಹೋಯ್ತು. ಬೋಳು ಜಾಗದಲ್ಲಿ ಹೊಸ ನಂಬರ್ ಕಂಡ್ರೆ, ತಿಳಿದೋರು ಕದ್ದ ಇಂಜಿನ್ ಅಂತಾರೆ."

ಡಾಕ್ಟರು ಕೈಗಡಿಯಾರ ನೋಡಿಕೊಂಡರು. "ನಾಳೆ ಬೆಳಿಗ್ಗೆ ಬರ್ತೀನಿ. ನೆಟ್ಟಗಿರ್ಲಿ" ಎಂದು ಹೊರಟೇಬಿಟ್ಟರು.

ಯಜಮಾನರು ಕಬ್ಬಿಣ ಸವೆಸುವ ಗ್ರೈಂಡರ್ ಎತ್ತಿಕೊಂಡರು. ಹಲ್ಲುಜ್ಜಪ್ಪ ನಂಬರಿನ ಮೇಲೆ ಅಂಗೈ ಊರಿದ. ಗ್ರೀಸಿಗೆ ಕೈ ಎರಡು ಸಲ ಜಾರಿತು. ವೀರಾವೇಶಕ್ಕೂ ಮೊದಲು ಕೈ ಒರೆಸಿಕೊಳ್ಳಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೂರನೇ ಸಲ ಎರಡೂ ಕೈ ಇಟ್ಟ.

"ತೆಗಿಯೋ ಕೈನ."

"ತೆಗಿಯಲ್ಲ."

"ಹಂಗಾದ್ರೆ ನಾಳೆಯಿಂದ ಬರ್ಬೇಡ."

"ಬರಲ್ಲ. ಆರು ಗಂಟೆವರೆಗೂ ಇಲ್ಲಿ ಕೆಲ್ಸದೋನು ನಾನೇ. ಅಲ್ಲಿವರೆಗೂ ತೆಗಿಯಲ್ಲ."

ಯಜಮಾನರು ಗ್ರೈಂಡರನ್ನು ಮೇಜಿನ ಮೇಲೆ ಕುಕ್ಕಿ ಹೊರಗೆ ಹೋದರು. ಆರು ಗಂಟೆಗೆ ಅವನು ಗ್ರೀಸು ಬಳಿದು, ತಗಡು ಕಟ್ಟಿ, ಮನೆಗೆ ನಡೆದ.

"ಕೆಲ್ಸ ಹೋಯ್ತು" ಎಂದ ಅಕ್ಕನಿಗೆ.

ಅಕ್ಕ ಬಾಯಿ ತೆರೆಯುವ ಮೊದಲೇ ಭಾವ ಕೇಳಿದರು: "ನನ್ ಬ್ರಷ್ಷು?"

"ಅಲ್ಲೇ ಇದೆ."

"ಮೊದ್ಲು ಅದನ್ನ ತಗೊಂಡ್ಬಾ ಮಾರಾಯ."

ಬೆಳಿಗ್ಗೆ ಆ ನೆಪ ಹಿಡಿದು ಹೋದ. ಗ್ರೈಂಡರ್ ಸದ್ದು ಕೇಳೀತೆಂದು ಬಾಗಿಲಲ್ಲಿ ಒಂದು ಗಳಿಗೆ ನಿಂತ. ಸದ್ದಿರಲಿಲ್ಲ. ಒಳಗೆ ತಗಡು ಬಿಚ್ಚಿಟ್ಟಿತ್ತು, ನಾಲ್ಕು ಇನ್ನೂ ವಾಲಿಕೊಂಡೇ ಇತ್ತು. ಯಜಮಾನರು ಕಣ್ಣಿಗೆ ಭೂತಗನ್ನಡಿ ಹಿಡಿದು, ಭಾವನ ಬ್ರಷ್ಷಿನಿಂದ ಅದರ ಸುತ್ತ ತಿಕ್ಕುತ್ತಿದ್ದರು.

"ಗೆರೆ ಇರೋದು ನಿಜ ಕಣೋ" ಎಂದರು, ತಲೆ ಎತ್ತದೆ.

"ಅಷ್ಟು ಒತ್ಬೇಡಿ ಸಾರ್. ಕೊಡಿ ಇಲ್ಲಿ."

ಬ್ರಷ್ಷು ಕೈ ಬದಲಾಯಿಸುವಷ್ಟರಲ್ಲಿ ಹೊರಗೆ ಡಾಕ್ಟರ ಕಾರು ನಿಂತಿತು.

"ನೆಟ್ಟಗಾಯ್ತಾ?"

"ಇಲ್ಲ ಡಾಕ್ಟ್ರೇ" ಎಂದ ಹಲ್ಲುಜ್ಜಪ್ಪ, ತಿಕ್ಕುವುದನ್ನು ನಿಲ್ಲಿಸದೆ. "ಆಗೋದೂ ಇಲ್ಲ."

ಡಾಕ್ಟರು ಯಜಮಾನರ ಕಡೆ ತಿರುಗಿದರು. ಯಜಮಾನರು ಭೂತಗನ್ನಡಿಯನ್ನು ಅವರ ಕೈಗಿಟ್ಟರು.