ಇನಾಸ್ ಬಾಬರ ಸಂಜೆಯ ಭಟ್ಟಿ

ಕೋಡಿಬಾಗದ ಇನಾಸ್ ಬಾಬರ ಬೇಕರಿಯ ಭಟ್ಟಿಯಿಂದ ಕಳೆದ ಮಂಗಳವಾರ ಸಂಜೆ ಹೊಗೆ ಏಳಲಿಲ್ಲ. ಡೈರಿಯಲ್ಲಿ ಬರೆದುಕೊಂಡೆ. (ಊಟ ಬಿಟ್ಟರೂ ಡೈರಿ ಬಿಡುವವಳಲ್ಲ ನಾನು. ನಿಮಗೆ ಗೊತ್ತೇ ಇದೆ.)

ರಮ್ಜಾನ್ ತಿಂಗಳಲ್ಲಿ ಇಲ್ಲಿ ದಿನಕ್ಕೆ ಎರಡು ಸಲ ಪಾವ್ ಬೇಯುತ್ತದೆ. ಬೆಳಗಿನದು ಊರಿಗೆಲ್ಲ. ಸಂಜೆಯದು ಉಪವಾಸ ಬಿಡುವವರಿಗೆ. ಆಟೋ ಓಡಿಸುವ ಗಫೂರ್ ಬಂದು ಬಿಸಿಬಿಸಿಯಾಗಿ ಮಸೀದಿಗೆ ಒಯ್ಯುತ್ತಾನೆ. ಇನಾಸರ ಅಪ್ಪನ ಕಾಲದಿಂದಲೂ ಇದೇ ಪದ್ಧತಿ. ಈ ಸಲವಂತೂ ಇನಾಸರಿಗೂ ಈಸ್ಟರಿಗೆ ಮುಂಚಿನ ಉಪವಾಸದ ಕಾಲ.

ಮತ್ತೆ ಭಟ್ಟಿ ಯಾಕೆ ತಣ್ಣಗಿತ್ತು?

ಇನಾಸರ ತಮ್ಮ ಮೊಜಾಂಬಿಕ್‌ನಲ್ಲಿ ಗೋದಾಮು ನೋಡಿಕೊಳ್ಳುತ್ತಾನೆ. ಆ ದೇಶದ ಉತ್ತರದಲ್ಲಿ ಇಸ್ಲಾಮಿನ ಹೆಸರು ಹೇಳಿಕೊಂಡ ಬಂಡುಕೋರರು ವರ್ಷಗಳಿಂದ ಊರು ಸುಡುತ್ತಿದ್ದಾರೆ. ಅವನಿದ್ದ ಊರಿಗೂ ನುಗ್ಗಿದರಂತೆ. ಅಂದಿನಿಂದ ಅವನ ಫೋನ್ ಸ್ವಿಚ್ ಆಫ್.

ಸುದ್ದಿ ಬಂದದ್ದೇ ತಡ, ನಮ್ಮ ಓಣಿಯ ವಾಟ್ಸ್ಆ್ಯಪ್ ಗ್ರೂಪ್ ಚುರುಕಾಯಿತು. ಒಂದೇ ದಿನಕ್ಕೆ ಊರು ಉರಿಯುವ ಹನ್ನೊಂದು ವಿಡಿಯೋ. ಅವುಗಳಲ್ಲಿ ಮೂರು ಅಂಕೋಲೆಯ ನಮ್ಮ ಫ್ಯಾಮಿಲಿ ಗ್ರೂಪಿಗೂ ತಲುಪಿದವು. (ಎಣಿಸಿದ್ದೇನೆ.) ಹನ್ನೊಂದರಲ್ಲಿ ನಿಜಕ್ಕೂ ಮೊಜಾಂಬಿಕ್‌ನವು ಎಷ್ಟೋ, ಯಾರು ಬಲ್ಲರು?

ಬುಧವಾರ ಮಧ್ಯಾಹ್ನ ಬೇಕರಿಗೆ ಹೋದಾಗ ಪಕ್ಕದ ಮನೆಯವರೊಬ್ಬರು ಇನಾಸರಿಗೆ ಬುದ್ಧಿ ಹೇಳುತ್ತಿದ್ದರು. "ಅವರ ಮಂದಿ ನಿನ್ ತಮ್ಮನ ಊರು ಸುಟ್ರು. ನೀ ಇಲ್ಲಿ ಅವರಿಗೆ ಪಾವ್ ಸುಟ್ಟು ಕೊಡ್ತೀಯಾ?"

ಅಷ್ಟರಲ್ಲಿ ಗಫೂರ್ ಬಂದ. ಕೈಯಲ್ಲಿ ಬುಟ್ಟಿ ಇರಲಿಲ್ಲ. ಬಾಗಿಲಲ್ಲೇ ನಿಂತು, "ತಮ್ಮನ ಫೋನ್ ಬಂತಾ ಬಾಬ್?" ಎಂದ. ಪಾವಿನ ಮಾತೇ ಇಲ್ಲ.

"ಇಲ್ಲಾ ಮಾರಾಯಾ." ಇನಾಸ್ ಕಣ್ಣೊರೆಸಿಕೊಂಡರು. "ಬುಟ್ಟಿ ಎಲ್ಲುಂಟು?"

"ಇವತ್ತೂ ಹಚ್ಚೂದಿಲ್ಲ ಅಂದ್ಕಂಡೆ."

"ನಿನ್ನೆ ಸಿಟ್ಟು ಬಂದಿತ್ತು. ಹಚ್ಚಲಿಲ್ಲ. ಆಮೇಲೆ ತಮ್ಮ ಹೋದ ತಿಂಗಳು ಹೇಳಿದ್ದು ನೆನಪಾಯ್ತು. ಪಕ್ಕದೂರಲ್ಲಿ ಆ ಬಂದೂಕಿನವರು ಮೊದ್ಲು ಸುಟ್ಟದ್ದು ಸಾಯಬರ ಮನೆನೇ ಅಂತೆ. ಆದ್ರೂ ಕ್ರಿಶ್ಚನ್ನರು ಸಾಯಬರ ಅಂಗಡಿಗೆ ಹೋಗೂದು ಬಿಟ್ರಂತೆ. ಸಾಯಬರು ಇವರ ಬಾವಿಗೆ ಬರೂದು ಬಿಟ್ರಂತೆ. ನಾನೂ ಇಲ್ಲಿ ಅದನ್ನೇ ಮಾಡೂದಾ?"

"ವಿಡಿಯೋ ನೋಡಿಲ್ವಾ ನೀನು?" ಪಕ್ಕದ ಮನೆಯವರು ಬಿಡಲಿಲ್ಲ.

"ನಿನ್ ವಿಡಿಯೋದಲ್ಲಿ ಬೆಂಕಿ ಬಾಳ ಉಂಟಲ್ಲ? ಹಾಕು ಭಟ್ಟಿಗೆ, ನನ್ನ ಕಟ್ಟಿಗೆ ಉಳೀತದೆ."

ಗಫೂರ್ ಬುಟ್ಟಿ ತರಲು ಓಡಿದ. ಇನಾಸ್ ಮೇಜಿನ ಮೇಲಿನ ಬಟ್ಟೆ ಸರಿಸಿದರು. ಹಿಟ್ಟು ಆಗಲೇ ಉಬ್ಬಿ ಬಂದಿತ್ತು. ಅಂದರೆ ನಾವ್ಯಾರೂ ಬರುವ ಮುಂಚೆಯೇ ಕಲಸಿಟ್ಟಿದ್ದರು ಪುಣ್ಯಾತ್ಮ!

ಇದನ್ನು ಬರೆಯುವ ಹೊತ್ತಿಗೂ ಆ ಫೋನ್ ಬಂದಿಲ್ಲ. ಭಟ್ಟಿ ದಿನಾ ಸಂಜೆ ಉರಿಯುತ್ತಿದೆ.

ತಮ್ಮ ಸಿಕ್ಕ ಮೇಲೆ ದೊಡ್ಡ ಮನಸ್ಸು ಮಾಡುವುದು ನಮ್ಮಿಂದಲೂ ಆದೀತು. ಸಿಗುವ ಮೊದಲು?